ಹುಣ್ಣಿಮೆಗೆ ಮುಂಚೆ ಮನೆ: ಹದಿಹರೆಯದವರಿಗೆ ತೋಳಮಾನವ ಕಾದಂಬರಿ ಬರೆಯುವ ಸಮಗ್ರ ಮಾರ್ಗದರ್ಶಿ

ಚಿಕ್ಕಮಗಳೂರಿನಲ್ಲಿ ಭಾನುವಾರ ಮಧ್ಯಾಹ್ನ ನಾವು ಏಳೆಂಟು ಜನ ಕೂತು ಒಬ್ಬರು ಬರೆದದ್ದನ್ನು ಒಬ್ಬರು ಓದುತ್ತೇವೆ. ಹೈಸ್ಕೂಲು, ಪಿಯುಸಿ ಮಕ್ಕಳೇ ಜಾಸ್ತಿ. ಈಚೆಗೆ ತೋಳಮಾನವರ ಕಥೆ ತರುವವರು ಹೆಚ್ಚಾಗಿದ್ದಾರೆ. ಮನೆಯಲ್ಲಿ ಯಾರೂ ಗಮನ ಕೊಡದ ಹುಡುಗಿ, ಹುಣ್ಣಿಮೆಗೆ ತೋಳವಾಗುತ್ತಾಳೆ, ಆಮೇಲೆ ಅವಳಿಗೆ ಹೊಸ ಬಳಗ ಸಿಗುತ್ತದೆ. ಒಳ್ಳೆಯ ವಸ್ತು. ಆದರೆ ಬಹಳಷ್ಟು ಬರಹ ಒಂದೇ ಜಾಗದಲ್ಲಿ ಮುಗ್ಗರಿಸುತ್ತವೆ. ಮೂರನೇ ಪುಟದಲ್ಲಿ ಅಪ್ಪ ಅಮ್ಮ ಚಾರ್ಮಾಡಿ ಘಾಟಿಯಲ್ಲಿ ಅಪಘಾತವಾಗಿ ಸಾಯುತ್ತಾರೆ, ಇಲ್ಲವೇ ಬೆಲ್ಟ್ ಹಿಡಿದ ರಾಕ್ಷಸರಾಗುತ್ತಾರೆ. ಇಪ್ಪತ್ತನೇ ಪುಟದಲ್ಲಿ ಗುರುತಿಲ್ಲದ ಐದು ಜನ ಬಂದು "ನೀನು ನಮ್ಮವಳು" ಅನ್ನುತ್ತಾರೆ. ಓದುವವರಿಗೆ ಅಳುವೂ ಬರುವುದಿಲ್ಲ, ನಂಬಿಕೆಯೂ ಬರುವುದಿಲ್ಲ.

ತಪ್ಪಿರುವುದು ಕ್ರಮದಲ್ಲಿ. ಏನನ್ನು ಮೊದಲು ಬರೆಯಬೇಕು, ಏನನ್ನು ಆಮೇಲೆ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. ಕೆಳಗೆ ಪೂರ್ವಿ ಅನ್ನುವ ಹುಡುಗಿಯನ್ನು ಉದಾಹರಣೆಗೆ ಇಟ್ಟುಕೊಂಡಿದ್ದೇನೆ. ಹದಿನೈದು ವರ್ಷ, ಹತ್ತನೇ ಕ್ಲಾಸು, ಮನೆ ಆಲ್ದೂರಿನ ಹತ್ತಿರದ ಒಂದು ಕಾಫಿ ತೋಟ. ಅವಳು ಪೂರ್ತಿ ಕಲ್ಪನೆಯ ಹುಡುಗಿ.

ಕೈಯಲ್ಲಿ ಇರಬೇಕಾದವು

ಒಂದು ಗೆರೆ ಹಾಕಿದ ನೋಟ್‌ಬುಕ್. ಹುಣ್ಣಿಮೆ ಅಮಾವಾಸ್ಯೆ ಗುರುತು ಮಾಡಿದ ಗೋಡೆ ಕ್ಯಾಲೆಂಡರ್. ಕಥೆ ನಡೆಯುವ ಊರಿನ ನಕ್ಷೆ, ನೀವೇ ಕೈಯಲ್ಲಿ ಬರೆದದ್ದು: ಮನೆ, ಕಣ, ಲೈನ್ ಮನೆಗಳು (ತೋಟದ ಕೂಲಿಯವರ ಸಾಲು ಮನೆಗಳು), ಬಸ್ ನಿಲ್ಲುವ ಜಾಗ, ಆನೆ ದಾಟುವ ದಾರಿ. ಎರಡು ಬಣ್ಣದ ಪೆನ್ಸಿಲ್. ಇವುಗಳ ಕೆಲಸ ಏನು ಅಂತ ಮುಂದೆ ಗೊತ್ತಾಗುತ್ತದೆ.

1. ಒಂದು ದಿನದ ಲೆಕ್ಕ ಬರೆಯಿರಿ

ಕಥೆ ಶುರು ಮಾಡುವ ಮುಂಚೆ ನಿಮ್ಮ ಪಾತ್ರದ ಒಂದು ಸಾಮಾನ್ಯ ದಿನವನ್ನು ಬರೆಯಿರಿ. ಬೆಳಿಗ್ಗೆ ಆರರಿಂದ ರಾತ್ರಿ ಹತ್ತರವರೆಗೆ. ಪ್ರತಿ ಗಂಟೆಯ ಎದುರು ಎರಡೇ ವಿಷಯ: ಅವಳನ್ನು ಯಾರು ಮಾತಾಡಿಸಿದರು, ಏನು ಕೇಳಿದರು. ತೋಳದ ಸುದ್ದಿಯೇ ಬೇಡ.

ಪೂರ್ವಿಯ ಅಮ್ಮ ಹೋಮ್‌ಸ್ಟೇ ನಡೆಸುತ್ತಾರೆ. ಅಡುಗೆಮನೆಯ ಬಾಗಿಲಿಗೆ ಒಂದು ಬಿಳಿ ಬೋರ್ಡ್ ಇದೆ. ಎರಡನೇ ರೂಮಿನವರಿಗೆ ಸಕ್ಕರೆ ಇಲ್ಲದ ಕಾಫಿ. ನಾಲ್ಕನೇ ರೂಮಿನ ಮಗುವಿಗೆ ಕಡಲೆಕಾಯಿ ಆಗಲ್ಲ. ಐದನೆಯವರಿಗೆ ಬೆಳಿಗ್ಗೆ ಐದೂವರೆಗೆ ಬಿಸಿನೀರು. ಅಮ್ಮನಿಗೆ ಎಲ್ಲವೂ ನೆನಪಿರುತ್ತದೆ. ಪೂರ್ವಿ ರಾತ್ರಿ ಒಂಬತ್ತಕ್ಕೆ, ಅತಿಥಿಗಳ ಊಟ ಆದಮೇಲೆ, ಉಳಿದ ಕಡುಬನ್ನು ನಿಂತುಕೊಂಡೇ ತಿನ್ನುತ್ತಾಳೆ. ಅವಳ ಹೆಸರು ಆ ಬೋರ್ಡಿನಲ್ಲಿ ಎಂದೂ ಬಂದಿಲ್ಲ. ಅಪ್ಪ ವಾರದಲ್ಲಿ ನಾಲ್ಕು ರಾತ್ರಿ ಕ್ಲಬ್ಬಿನಿಂದ ಬರುವಾಗ ಹನ್ನೊಂದು ಗಂಟೆ.

ಯಾರೂ ಹೊಡೆಯಲಿಲ್ಲ, ಬೈಯಲಿಲ್ಲ. ಆದರೂ ಲೆಕ್ಕದ ಹಾಳೆ ನೋಡಿ. ಬೆಳಿಗ್ಗೆಯಿಂದ ರಾತ್ರಿವರೆಗೆ ಮನೆಯವರು ಅವಳನ್ನು ಕೇಳಿದ್ದು ಒಂದೇ: "ಟವೆಲ್ ಎಲ್ಲಿಟ್ಟೆ?" ಈ ಹಾಳೆ ನಿಮ್ಮ ಇಡೀ ಕಾದಂಬರಿಯ ಬೇರು. ಇದನ್ನು ಬಿಟ್ಟು ಮುಂದೆ ಹೋಗಬೇಡಿ.

ಎಚ್ಚರಿಕೆ ಏನೆಂದರೆ, "ಅವಳಿಗೆ ತುಂಬಾ ಒಂಟಿತನ ಕಾಡುತ್ತಿತ್ತು" ಅಂತ ಬರೆಯಬೇಕು ಅನ್ನಿಸಿದರೆ ಲೆಕ್ಕದ ಹಾಳೆ ಇನ್ನೂ ಪೂರ್ತಿ ಆಗಿಲ್ಲ ಅಂತ ತಿಳಿಯಿರಿ. ಬೋರ್ಡಿನಂಥ ಒಂದು ವಸ್ತು ಸಿಗುವ ತನಕ ಹುಡುಕಿ.

2. ಕಷ್ಟದಲ್ಲಿರುವ ಅಪ್ಪ ಅಮ್ಮನನ್ನೂ ಗಮನ ಕೊಡದ ಅಪ್ಪ ಅಮ್ಮನನ್ನೂ ಬೇರೆ ಮಾಡಿ

ಇಲ್ಲಿ ಆಗುವ ತಪ್ಪು ನನಗೆ ನಿಜವಾಗಿಯೂ ನೋವು ಕೊಡುತ್ತದೆ. ಮಕ್ಕಳು ಬರೆದು ತರುವ ಕಥೆಗಳಲ್ಲಿ ಲೈನ್ ಮನೆಯ ಅಮ್ಮ "ಕೆಟ್ಟ ಅಮ್ಮ" ಆಗಿಬಿಡುತ್ತಾಳೆ. ಯಾಕೆ? ಶಾಲೆಯ ಪೋಷಕರ ಸಭೆಗೆ ಬರಲಿಲ್ಲ, ಸಂಜೆ ಸುಸ್ತಾಗಿ ಮಲಗಿದಳು ಅಂತ.

ಅರೇಬಿಕಾ ಹಣ್ಣಿನ ಕೊಯ್ಲು ನವೆಂಬರ್‌ನಿಂದ ಜನವರಿವರೆಗೆ. ಅದು ಮುಗಿಯುವಷ್ಟರಲ್ಲಿ ರೊಬಸ್ಟಾ ಬರುತ್ತದೆ. ಆ ತಿಂಗಳುಗಳಲ್ಲಿ ಎಷ್ಟು ಕಿಲೋ ಬಿಡಿಸಿದರೆ ಅಷ್ಟು ಕೂಲಿ ಅನ್ನುವ ತೋಟದಲ್ಲಿ ಒಂದು ಮಧ್ಯಾಹ್ನ ರಜಾ ಹಾಕುವುದು ಅಂದರೆ ಅಷ್ಟು ದುಡ್ಡು ಹೋದ ಹಾಗೆ. ಅಂಥ ಅಮ್ಮ ಸಂಜೆ ಮನೆಗೆ ಬಂದು, ಬೆನ್ನು ನೋಯುತ್ತಿದ್ದರೂ, "ಉಂಡ್ಯಾ?" ಅಂತ ಕೇಳಿದರೆ ಅವಳು ಮಗುವನ್ನು ನೋಡಿದ್ದಾಳೆ. ಅವಳ ಹತ್ತಿರ ಸಮಯ ಇಲ್ಲ ಅಷ್ಟೇ.

ಪೂರ್ವಿಯ ಮನೆಯಲ್ಲಿ ಸಮಯವೂ ಇದೆ, ದುಡ್ಡೂ ಇದೆ, ನೆನಪಿನ ಶಕ್ತಿಯೂ ಇದೆ. ಅದು ಬೇರೆ ಕಡೆ ಖರ್ಚಾಗುತ್ತಿದೆ. ನಿರ್ಲಕ್ಷ್ಯ ಅನ್ನುವುದು ಇದು.

ನಿಮ್ಮ ಪಾತ್ರದ ಅಪ್ಪ ಅಮ್ಮನ ಬಗ್ಗೆ ಈ ಎರಡು ಪ್ರಶ್ನೆ ಕೇಳಿಕೊಳ್ಳಿ. ಇವರ ಕೈಯಲ್ಲಿ ಇದು ಆಗುತ್ತಿತ್ತಾ? ಆಗದಿದ್ದಾಗ ಇವರಿಗೆ ಅದು ಚುಚ್ಚಿತಾ? ಎರಡಕ್ಕೂ ಉತ್ತರ ಬರೆದು ಇಟ್ಟುಕೊಳ್ಳಿ. ಬಡತನವನ್ನು ಅಪರಾಧ ಮಾಡಿದ ಕಥೆಯನ್ನು ಲೈನ್ ಮನೆಯ ಹುಡುಗಿ ಒಬ್ಬಳು ಓದಿದರೆ ಅವಳಿಗೆ ತನ್ನ ಅಮ್ಮನ ಮೇಲೆ ಸುಮ್ನೆ ಬೇಸರ ಹುಟ್ಟುತ್ತದೆ. ಆ ಪಾಪ ನಮಗೆ ಬೇಡ.

3. ಅವರಿಗೆ ಒಂದು ಒಳ್ಳೆಯ ಗಂಟೆ ಕೊಡಿ

"ಹೆತ್ತವರಿಗೆ ಹೆಗ್ಗಣ ಮುದ್ದು" ಅನ್ನುವ ಊರಲ್ಲಿ, ಹೆತ್ತವರಿಗೇ ಮುದ್ದಾಗದ ಮಗು ತಪ್ಪು ತನ್ನದೇ ಅಂದುಕೊಳ್ಳುತ್ತದೆ. ಅದಕ್ಕೇ ಅವಳು ಮನೆ ಬಿಟ್ಟು ಹೋಗುವುದಿಲ್ಲ. ಕಾಯುತ್ತಾಳೆ. ಕಾಯಲು ಒಂದು ಕಾರಣ ಬೇಕಲ್ವಾ?

ಒಂದು ದೃಶ್ಯ ಸಾಕು. ಹೂಮಳೆ, ಅಂದರೆ ಕಾಫಿ ಹೂವು ಅರಳಿಸುವ ಮಳೆ, ಬಿದ್ದ ಏಳೆಂಟು ದಿನಕ್ಕೆ ತೋಟವೆಲ್ಲ ಬಿಳಿಯಾಗಿದೆ. ಅಪ್ಪ ಯಾವುದೋ ಖುಷಿಯಲ್ಲಿ ಅವಳನ್ನು ಜೀಪಿನ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ತೋಟ ಸುತ್ತಿಸುತ್ತಾರೆ, ಒಂದು ಗಂಟೆ ಪೂರ್ತಿ. ಮತ್ತೆ ಒಂದು ವರ್ಷ ಅಂಥದ್ದು ಆಗುವುದಿಲ್ಲ. ಆ ಒಂದು ಗಂಟೆಯನ್ನು ಹಿಡಿದುಕೊಂಡು ಅವಳು ವರ್ಷ ತಳ್ಳುತ್ತಾಳೆ. ಇದನ್ನು ಬರೆಯದೆ ಹೋದರೆ ಅಪ್ಪ ಅಮ್ಮ ರಟ್ಟಿನ ಬೊಂಬೆಗಳಾಗುತ್ತಾರೆ.

4. ತೋಳದ ಕಾನೂನನ್ನು ಬರೆದಿಡಿ

ಈಗ ತೋಳ ಬರಲಿ. ಮೊದಲು ಜಾಗ ಸರಿಮಾಡಿಕೊಳ್ಳಿ. ನಮ್ಮ ತೋಳ ಬಯಲಿನ ಪ್ರಾಣಿ. ಕಡೂರು, ಅರಸೀಕೆರೆ ಕಡೆಯ ಕುರುಚಲು, ಹುಲ್ಲುಗಾವಲು, ಅಮೃತಮಹಲ್ ಕಾವಲುಗಳು (ಅಮೃತಮಹಲ್ ದನಗಳ ಮೇವಿಗೆ ಬಿಟ್ಟ ಬಯಲು) ಅದಕ್ಕೆ ಹೊಂದುವ ಜಾಗ. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಸಂರಕ್ಷಿತ ಮೀಸಲು ಆಯಿತು. ಕೃಷ್ಣಮೃಗದ ಜೊತೆ ತೋಳವೂ ಅಲ್ಲಿದೆ. ಮಲೆನಾಡಿನ ದಟ್ಟ ಕಾಡಿನಲ್ಲಿ, ಭದ್ರಾ ಹುಲಿ ಸಂರಕ್ಷಿತ ಪ್ರದೇಶದಲ್ಲಿ ಗುಂಪಾಗಿ ಓಡಾಡುವುದು ಸೀಳುನಾಯಿ. ಅದು ತೋಳದ ಹಾಗೆ ಊಳಿಡುವುದಿಲ್ಲ, ಸಿಳ್ಳೆ ಹಾಕುತ್ತದೆ. ಆಲ್ದೂರಿನ ತೋಟದಲ್ಲಿ ತೋಳ ಊಳಿಟ್ಟರೆ ಊರಿನವರು "ಇದೆಲ್ಲಿಂದ ಬಂತು?" ಅಂತ ಕೇಳಲೇಬೇಕು. ಆ ಪ್ರಶ್ನೆ ನಿಮಗೆ ಕಥೆಯ ದಾರಿ ತೆರೆಯುತ್ತದೆ. ಪೂರ್ವಿಯ ಅಜ್ಜಿಯ ತವರು ಕಡೂರು ಕಡೆ ಅಂತ ನಾನು ಇಟ್ಟುಕೊಂಡೆ.

ಇನ್ನು ಚಂದ್ರ. ಹುಣ್ಣಿಮೆಯ ಚಂದ್ರ ಹುಟ್ಟುವುದು ಹೆಚ್ಚುಕಡಿಮೆ ಸೂರ್ಯ ಮುಳುಗುವ ಹೊತ್ತಿಗೆ, ನೆತ್ತಿಗೆ ಬರುವುದು ನಡುರಾತ್ರಿ, ಮುಳುಗುವುದು ಬೆಳಗಾಗುವಾಗ. ಮಾರನೆಯ ದಿನದಿಂದ ಸುಮಾರು ಐವತ್ತು ನಿಮಿಷ ತಡವಾಗುತ್ತ ಹೋಗುತ್ತದೆ. ಒಂದು ಹುಣ್ಣಿಮೆಯಿಂದ ಇನ್ನೊಂದಕ್ಕೆ 29 ದಿನ, ಅದರ ಮೇಲೆ ಅರ್ಧ ದಿನ. "ಹುಣ್ಣಿಮೆಯ ನಡುರಾತ್ರಿ ಚಂದ್ರ ಹುಟ್ಟಿದ" ಅಂತ ಬರೆದರೆ ತೋಟದಲ್ಲಿ ಬೆಳೆದ ಓದುಗರು ಪುಸ್ತಕ ಮುಚ್ಚುತ್ತಾರೆ. ಕ್ಯಾಲೆಂಡರ್ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ.

ನಮ್ಮ ಕಡೆ ಇನ್ನೊಂದು ತೊಡಕಿದೆ. ಜೂನ್‌ನಿಂದ ಆಗಸ್ಟ್‌ವರೆಗೆ ಮಲೆನಾಡಿನಲ್ಲಿ ಚಂದ್ರ ಕಾಣುವುದೇ ಅಪರೂಪ. ಕಾರಹುಣ್ಣಿಮೆಗೂ ಮೋಡ, ನೂಲ ಹುಣ್ಣಿಮೆಗೂ ಮೋಡ. ಚಂದ್ರ ಕಂಡರೆ ಮಾತ್ರ ಅವಳು ಬದಲಾಗುತ್ತಾಳೋ, ಮೋಡದ ಹಿಂದಿದ್ದರೂ ಬದಲಾಗುತ್ತಾಳೋ? ಮೊದಲೇ ತೀರ್ಮಾನ ಮಾಡಿ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಡುವೆ ಬದಲಿಸಬೇಡಿ. ನನ್ನ ಮಟ್ಟಿಗೆ ಮೋಡದ ಹಿಂದಿದ್ದರೂ ಬದಲಾಗುವುದೇ ಚೆಂದ. ಯಾರ ಕಣ್ಣಿಗೂ ಬೀಳದೆ ಎಳೆಯುವ ಚಂದ್ರ ಈ ಹುಡುಗಿಗೆ ಹೊಂದುತ್ತಾನೆ.

ಯಾವ ಹುಣ್ಣಿಮೆ ಅನ್ನುವುದನ್ನೂ ಸುಮ್ಮನೆ ಆರಿಸಬೇಡಿ. ಮಾರ್ಗಶಿರದ್ದು ಹೊಸ್ತಿಲ ಹುಣ್ಣಿಮೆ, ಮನೆಯ ಹೊಸ್ತಿಲಿಗೆ ಪೂಜೆ ಮಾಡುವ ದಿನ. ಮನೆ ಬಿಡುವ ಅಧ್ಯಾಯಕ್ಕೆ ಇದಕ್ಕಿಂತ ಒಳ್ಳೆಯ ರಾತ್ರಿ ಇಲ್ಲ. ಆದರೆ ದತ್ತ ಜಯಂತಿಯೂ ಅವತ್ತೇ. ಬಾಬಾಬುಡನ್‌ಗಿರಿ ಕಡೆ ಜನ, ಪೊಲೀಸ್ ಬಂದೋಬಸ್ತ್ ಇರುತ್ತದೆ. ನಿಮ್ಮ ತೋಳ ಆ ರಾತ್ರಿ ಗಿರಿಯ ಮೇಲೆ ಹಾಯಾಗಿ ಓಡಲಾರದು. ಸಕಲೇಶಪುರ, ಆಲೂರು, ಬೇಲೂರು ಕಡೆ ಕಥೆ ಇಟ್ಟರೆ ಆನೆಗಳನ್ನು ಮರೆಯಬೇಡಿ. ರಾತ್ರಿ ತೋಟದಲ್ಲಿ ಅವಳಿಗೆ ಮನುಷ್ಯರಿಗಿಂತ ಮುಂಚೆ ಆನೆ ಸಿಗುತ್ತದೆ.

5. "ಆಲ್ಫಾ" ಅನ್ನುವುದನ್ನು ಸರಿಯಾಗಿ ತಿಳಿದುಕೊಳ್ಳಿ

ಗುಂಪಿಗೊಬ್ಬ ಆಲ್ಫಾ, ಅವನು ಎಲ್ಲರನ್ನೂ ಹಲ್ಲು ತೋರಿಸಿ ಆಳುತ್ತಾನೆ ಅನ್ನುವುದು ಈ ಕಥೆಗಳಲ್ಲಿ ತುಂಬಾ ಬರುತ್ತದೆ. 1947ರಲ್ಲಿ ಪ್ರಾಣಿಗಳ ನಡವಳಿಕೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ನೋಡಿ ಬರೆದದ್ದರಿಂದ ಬೆಳೆದ ಮಾತು ಇದು. ತೋಳಗಳ ಸಂಶೋಧಕ ಡೇವಿಡ್ ಮೆಕ್ ಅದನ್ನು 1970ರಲ್ಲಿ ಜನಪ್ರಿಯ ಮಾಡಿದರು. ಕಾಡಿನ ತೋಳಗಳನ್ನು ವರ್ಷಗಟ್ಟಲೆ ನೋಡಿದ ಮೇಲೆ 1999ರಲ್ಲಿ ಅವರೇ ತಿದ್ದಿದರು. ಕಾಡಿನಲ್ಲಿ ತೋಳದ ಗುಂಪು ಅಂದರೆ ಸಾಮಾನ್ಯವಾಗಿ ಒಂದು ಸಂಸಾರ: ಅಪ್ಪ, ಅಮ್ಮ, ಹಿಂದಿನ ಎರಡು ಮೂರು ವರ್ಷಗಳಲ್ಲಿ ಹುಟ್ಟಿದ ಮರಿಗಳು.

ಇದು ನಿಮ್ಮ ಕಥೆಗೆ ಏನು ಹೇಳುತ್ತದೆ ನೋಡಿ. ಪರಿಚಯವಿಲ್ಲದ ತೋಳಗಳನ್ನು ಒಂದು ಬೇಲಿಯೊಳಗೆ ಬಿಟ್ಟರೆ ಮೇಲುಕೀಳಿನ ಜಗಳ ಬರುತ್ತದೆ. ಹೆತ್ತವರಿಂದ ದೂರವಾದ ನಾಲ್ಕು ಹುಡುಗರು ಒಂದಾದರೆ ಅವರೂ ಆ ಬೇಲಿಯೊಳಗಿನವರೇ. ಕಾಡಿನ ಗುಂಪಿಗೆ ಹೊರಗಿನ ತೋಳ ಸೇರುವುದು ಉಂಟು, ಆದರೆ ಅದು ಕಮ್ಮಿ. ಹಾಗಾಗಿ "ವಾಸನೆಯಿಂದಲೇ ಗೊತ್ತಾಯಿತು, ಇವರು ನನ್ನವರು" ಅಂತ ತಪ್ಪಿಸಿಕೊಳ್ಳಬೇಡಿ. ಇವರನ್ನು ಒಂದು ಮನೆಯಾಗಿ ಮಾಡುವುದು ಅವರೊಳಗಿನ ಮನುಷ್ಯ. ಆ ಕೆಲಸವನ್ನು ನೀವು ಪುಟ ಪುಟವಾಗಿ ಬರೆಯಬೇಕು. ಪ್ರಾಣಿಗಳಿಂದ ಏನಾದರೂ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ: ಸೀಳುನಾಯಿಗಳು ಬೇಟೆಯಾಡಿದ ಮೇಲೆ ಮೊದಲು ತಿನ್ನಲು ಮರಿಗಳಿಗೆ ಜಾಗ ಬಿಡುತ್ತವೆ.

6. ಮೊದಲ ಬದಲಾವಣೆಯನ್ನು ಮನೆಯಲ್ಲಿ ಯಾರೂ ಗಮನಿಸಬಾರದು

ತೋಳದ ಎಳೆಯೂ ಮನೆಯ ಎಳೆಯೂ ಸೇರುವ ಗಂಟು ಇದು. ನಿಧಾನವಾಗಿ ಬರೆಯಿರಿ. ಮೂಳೆ ಮುರಿಯುವ ಶಬ್ದ, ಉಗುರು ಉದ್ದವಾಗುವುದು ಇವಕ್ಕೆ ಅರ್ಧ ಪುಟ ಸಾಕು. ಮಾರನೆಯ ಬೆಳಿಗ್ಗೆಗೆ ನಾಲ್ಕು ಪುಟ ಕೊಡಿ.

ಕಾರಹುಣ್ಣಿಮೆಯ ರಾತ್ರಿ, ಜಿಟಿಜಿಟಿ ಮಳೆ. ಪೂರ್ವಿ ತೋಳವಾಗಿ ತೋಟವೆಲ್ಲ ಓಡಿದ್ದಾಳೆ. ಬೆಳಿಗ್ಗೆ ಹಾಸಿಗೆಯಲ್ಲಿ ಎಚ್ಚರ. ಕಾಲ್ಬೆರಳ ಸಂದಿಯಲ್ಲಿ ಎರಡು ಇಂಬಳ (ಜಿಗಣೆ) ಉಬ್ಬಿ ಕೂತಿವೆ. ಅವನ್ನು ಕಿತ್ತು ಎಸೆಯುತ್ತಾಳೆ. ಇಂಬಳ ಕಚ್ಚಿದ ಜಾಗದಲ್ಲಿ ರಕ್ತ ಬೇಗ ಹೆಪ್ಪುಗಟ್ಟುವುದಿಲ್ಲ, ನಮಗೆಲ್ಲ ಗೊತ್ತಿರುವ ವಿಷಯ. ಶಾಲೆಯ ಬಿಳಿ ಸಾಕ್ಸಿನ ತುದಿ ಕೆಂಪಾಗುತ್ತದೆ. ಸಂಜೆ ಅವಳು ಆ ಸಾಕ್ಸನ್ನು ಬಚ್ಚಲಿನ ಬಕೆಟ್ಟಿನಲ್ಲಿ, ಎಲ್ಲಕ್ಕಿಂತ ಮೇಲೆ, ಬೇಕಂತಲೇ ಬಿಡಿಸಿ ಇಡುತ್ತಾಳೆ. ಅಮ್ಮ ಬರುತ್ತಾರೆ. ಅತಿಥಿಗಳ ಟವೆಲ್ ಬೇರೆ ಮಾಡುತ್ತಾರೆ. ಸಾಕ್ಸನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕಕ್ಕೆ ಹಾಕುತ್ತಾರೆ, ಟವೆಲ್ಲಿಗೆ ಬಣ್ಣ ಹತ್ತದಿರಲಿ ಅಂತ.

ಇಷ್ಟೇ. ಇಲ್ಲಿ ಪೂರ್ವಿಯ ಕಣ್ಣೀರು ಬೇಡ. ಅವಳು ಮಾರನೆಯ ದಿನ ಬಕೆಟ್ ನೋಡಲು ಹೋದಳು ಅಂತ ಒಂದು ಸಾಲು ಬರೆದು ಅಧ್ಯಾಯ ಮುಗಿಸಿ.

7. ಹೊಸ ಮನೆಯವರನ್ನು ಈ ಕ್ರಮದಲ್ಲಿ ತನ್ನಿ

ಮೊದಲು ಯಾರೋ ಒಬ್ಬರು ನೋಡಬೇಕು. ಬಸ್ ನಿಲ್ಲುವಲ್ಲಿ ಸಣ್ಣ ಹೋಟೆಲ್ ಇಟ್ಟಿರುವ ಗಿರಿಜಕ್ಕ ಅಂದುಕೊಳ್ಳಿ. ಕೌಂಟರಿನ ಹಿಂದಿನಿಂದಲೇ ಅವಳ ಕಾಲು ನೋಡಿ, "ಇಂಬಳ ಕಚ್ಚಿದ್ಯಲ್ಲ ಮಾರಾಯ್ತಿ, ಇಷ್ಟೊಂದು? ಬಾ ಇಲ್ಲಿ, ಕಾಲು ತೋರ್ಸು" ಅನ್ನುತ್ತಾರೆ. ತೊಳೆದು, ಒಂದು ಹಳೆ ಬಟ್ಟೆ ಸುತ್ತುತ್ತಾರೆ. ಪ್ರಶ್ನೆ ಕೇಳುವುದಿಲ್ಲ. ಇದು ಪ್ರೀತಿ ಅಂತ ಪೂರ್ವಿಗೆ ಈಗ ಅನ್ನಿಸಬಾರದು. ಅವಳಿಗೆ ಮುಜುಗರ ಆಗಬೇಕು, ಓಡಿಹೋಗಬೇಕು.

ಎರಡನೆಯದು, ಅವಳು ಅವರಿಗೆ ಕೆಲಸಕ್ಕೆ ಬರಬೇಕು. ಸಂಜೆ ಲೋಟ ತೊಳೆದು ಕೊಡುತ್ತಾಳೆ, ಪ್ರವಾಸಿಗರನ್ನು ಮುಳ್ಳಯ್ಯನಗಿರಿಗೆ ಕರೆದೊಯ್ಯುವ ಜೀಪಿನ ರಫೀಕಣ್ಣನಿಗೆ ಬಾಡಿಗೆಯ ಲೆಕ್ಕ ಬರೆದು ಕೊಡುತ್ತಾಳೆ. ಬರೀ ಪಡೆಯುವವಳಾದರೆ ಅವಳು ಅಲ್ಲಿಯೂ ಅತಿಥಿಯೇ.

ಮೂರನೆಯದು ಕಾಯುವುದು. ಇಡೀ ಕಾದಂಬರಿಯಲ್ಲಿ ನನಗೆ ಅತಿ ಮುಖ್ಯ ಅನ್ನಿಸುವ ಜಾಗ ಇದೇ. ನಮ್ಮ ಭಾಷೆಯಲ್ಲಿ ದಾರಿ ಕಾಯುವುದೂ ಕಾಯುವುದೇ, ಹಿಂಡು ಕಾಯುವುದೂ ಕಾಯುವುದೇ. ಎದುರು ನೋಡುವುದಕ್ಕೂ ಕಾವಲಿರುವುದಕ್ಕೂ ಒಂದೇ ಮಾತು. ಇಷ್ಟು ವರ್ಷ ಪೂರ್ವಿ ಮೊದಲ ಅರ್ಥದಲ್ಲಿ ಕಾದಿದ್ದಾಳೆ, ಒಬ್ಬಳೇ. ಈಗ ಯಾರೋ ಅವಳನ್ನು ಎರಡೂ ಅರ್ಥದಲ್ಲಿ ಕಾಯಬೇಕು. ಹುಣ್ಣಿಮೆ ಬೆಳಗಿನ ಜಾವ ನಾಲ್ಕಕ್ಕೆ ತೋಟದ ಗೇಟಿನ ಹತ್ತಿರ ಕಾವಲಿನ ತಿಮ್ಮಜ್ಜ ಕಂಬಳಿ ಹಿಡಿದು ಕೂತಿದ್ದಾರೆ. ಪಕ್ಕದಲ್ಲಿ ಫ್ಲಾಸ್ಕಿನಲ್ಲಿ ಕಾಫಿ. "ತಡ ಆಯ್ತಲ್ಲ ಮಗಾ" ಅಂತಾರೆ. ಅವರಿಗೆ ಎಲ್ಲ ಗೊತ್ತು ಅನ್ನುವುದು ಆಗ ಓದುಗರಿಗೆ ತಿಳಿಯಬೇಕು.

ಒಮ್ಮೆ ಬರೆದರೆ ಸಾಲದು. ಕನಿಷ್ಠ ಮೂರು ಹುಣ್ಣಿಮೆ ಯಾರಾದರೂ ಕಾದಿರಲಿ, ಪ್ರತಿ ಸಲ ಬೇರೆ ಬೇರೆ ಜನ.

ನಾಲ್ಕನೆಯದು ಜಗಳ. ಪೂರ್ವಿ ತಪ್ಪು ಮಾಡಲಿ. ಗಿರಿಜಕ್ಕ ಸಾಕಿದ ನಾಯಿಯನ್ನು ತೋಳವಾಗಿದ್ದಾಗ ಕಚ್ಚಿಬಿಡಲಿ. ಗಿರಿಜಕ್ಕ ನಿಜವಾಗಿಯೂ ಸಿಟ್ಟಾಗಲಿ, ಎರಡು ದಿನ ಮಾತು ಬಿಡಲಿ. ಆದರೆ ಎರಡೂ ದಿನ ತಟ್ಟೆ ಇಟ್ಟಿರಲಿ. ಜಗಳವಾದ ಮೇಲೂ ತನಗೆ ಜಾಗ ಇರುತ್ತದೆ ಅನ್ನುವುದು ಈ ಹುಡುಗಿಗೆ ಹೊಸದು.

ಕರೆಯುವ ಮಾತಿನ ಬಗ್ಗೆ ಒಂದು ಎಚ್ಚರಿಕೆ. ನಮ್ಮಲ್ಲಿ ಬಸ್ ಕಂಡಕ್ಟರನೂ ಅಣ್ಣ, ತರಕಾರಿ ಮಾರುವವರೂ ಅಕ್ಕ. ಹಾಗಾಗಿ ಬರೀ "ಅಕ್ಕ" ಅಂದದ್ದಕ್ಕೆ ಸಂಬಂಧ ಹುಟ್ಟಿತು ಅಂತ ಓದುಗರು ಒಪ್ಪುವುದಿಲ್ಲ. ಬದಲಾವಣೆಯನ್ನು ತೋರಿಸಿ. ಮೊದಲು "ಆಂಟಿ", ಆಮೇಲೆ "ಗಿರಿಜಕ್ಕ", ಆಮೇಲೆ ಹೆಸರು ಬಿದ್ದುಹೋಗಿ ಬರೀ "ಅಕ್ಕಾ" ಅಂತ ಒಳಮನೆಯಿಂದ ಕೂಗುವುದು. ಯಾವ ಪುಟದಲ್ಲಿ ಯಾವುದು ಅಂತ ಬಣ್ಣದ ಪೆನ್ಸಿಲ್ಲಿನಲ್ಲಿ ಗುರುತು ಮಾಡಿ.

8. ಗುಂಪು ಕೆಟ್ಟದಾಗುವ ಸೂಚನೆಗಳು

ಮನೆಯಲ್ಲಿ ಪ್ರೀತಿ ಸಿಗದ ಮಗುವನ್ನು ಸೆಳೆಯುವುದು ತುಂಬಾ ಸುಲಭ. ಓದುವ ಮಕ್ಕಳಿಗೆ ನಿಮ್ಮ ಪುಸ್ತಕ ಅದನ್ನು ಗುರುತಿಸಲು ಕಲಿಸಬೇಕು. ಹೊಸ ಬಳಗದವರು ಹಳೆಯ ಗೆಳತಿಯನ್ನು ಬಿಡು ಅಂದರೆ, ಮೊಬೈಲ್ ಇಸಿದುಕೊಂಡರೆ, "ನಾವು ಮಾಡಿದ್ದಕ್ಕೆ ನೀನು ಋಣಿ" ಅಂದರೆ, ಹೊರಗೆ ಹೋಗಲು ಒಬ್ಬನ ಒಪ್ಪಿಗೆ ಬೇಕಾದರೆ ಅದು ಇನ್ನೊಂದು ಬೇಲಿ. ಕಥೆಯಲ್ಲಿ ಅಂಥ ಗುಂಪು ಬರಲಿ, ಆದರೆ ಬರೆಯುವ ನಿಮಗೆ ಅದು ಬೇಲಿ ಅಂತ ಗೊತ್ತಿರಲಿ.

"ಹುಟ್ಟುವಾಗಲೇ ಬರೆದ ಜೋಡಿ" ಅಂತ ಹದಿನೈದರ ಹುಡುಗಿಯನ್ನು ಇಪ್ಪತ್ತೈದರ ತೋಳನಿಗೆ ಕಟ್ಟುವುದನ್ನು ದಯವಿಟ್ಟು ಮಾಡಬೇಡಿ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೋ ಕಾಯ್ದೆಯಲ್ಲಿ 18 ತುಂಬದವರು ಮಕ್ಕಳು. ಚಂದ್ರ ಬರೆದಿದ್ದಾನೆ ಅನ್ನುವುದರಿಂದ ಅದು ಪ್ರೇಮ ಆಗುವುದಿಲ್ಲ.

9. ಹೊರಗಿನ ಲೋಕವನ್ನು ಮರೆಯಬೇಡಿ

ಮೂರು ವಾರ ಮನೆಗೆ ಹೋಗದ ಹತ್ತನೇ ಕ್ಲಾಸಿನ ಹುಡುಗಿಯನ್ನು ಯಾರೂ ಕೇಳಲಿಲ್ಲ ಅಂದರೆ ನಂಬಿಕೆ ಹುಟ್ಟುವುದಿಲ್ಲ. ಶಾಲೆಯ ಮೇಷ್ಟ್ರು ಕೇಳುತ್ತಾರೆ. ಮನೆಯವರ ಆಸರೆ ಇಲ್ಲದೆ ಒಂಟಿಯಾಗಿ ಸಿಕ್ಕ ಮಗುವಿನ ಬಗ್ಗೆ 24 ಗಂಟೆಯೊಳಗೆ ತಿಳಿಸಬೇಕು ಅಂತ 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಮಕ್ಕಳ ಸಹಾಯವಾಣಿ 1098. ಮುಂದಿನದನ್ನು ಮಕ್ಕಳ ಕಲ್ಯಾಣ ಸಮಿತಿ ನೋಡುತ್ತದೆ. ಗಿರಿಜಕ್ಕ ಅವಳನ್ನು ಸುಮ್ನೆ ಮನೆಯಲ್ಲಿ ಇಟ್ಟುಕೊಳ್ಳಲು ಆಗುವುದಿಲ್ಲ. ಸಮಿತಿಯ ಮುಂದೆ ಹೋಗಿ ಕೂರಬೇಕು, ಹೋಟೆಲಿಗೆ ಬೀಗ ಹಾಕಿ, ಬಸ್ಸು ಹಿಡಿದು. ಈ ದೃಶ್ಯವನ್ನು ಬೇಸರದ ಸರ್ಕಾರಿ ಕೆಲಸ ಅಂತ ಬಿಡಬೇಡಿ. ಒಬ್ಬಳು ಹೆಂಗಸು ಯಾರದೋ ಮಗುವಿಗಾಗಿ ಬೆಂಚಿನ ಮೇಲೆ ಅರ್ಧ ದಿನ ಕಾಯುತ್ತಾಳೆ. ಕಾಯುವುದಕ್ಕೆ ಇದಕ್ಕಿಂತ ದೊಡ್ಡ ದೃಶ್ಯ ಬೇಕಾ?

ಸಂಖ್ಯೆಯನ್ನು ಕಥೆಯೊಳಗೇ ಸರಿಯಾಗಿ ಬರೆಯಿರಿ. ಅಂಥ ಮನೆಯಲ್ಲಿರುವ ಒಂದು ಮಗುವೇ ನಿಮ್ಮ ಪುಸ್ತಕ ಓದುತ್ತಿರಬಹುದು.

10. ಅಪ್ಪ ಅಮ್ಮನನ್ನು ಕೊನೆಯಲ್ಲಿ ಏನು ಮಾಡುವುದು

ಓಡಿಬಂದು ತಬ್ಬಿಕೊಂಡು ಕ್ಷಮೆ ಕೇಳಿಸಬೇಡಿ. ಬೇಟೆಗಾರರ ಗುಂಡಿಗೆ ಸಾಯಿಸಲೂ ಬೇಡಿ. ಎರಡೂ ನಿಮಗೆ ಸುಲಭ, ಅವಳಿಗೆ ಸುಳ್ಳು. ಅವರು ಸ್ವಲ್ಪ ಬದಲಾಗಬಹುದು, ಸಾಕಾಗುವಷ್ಟು ಆಗದಿರಬಹುದು.

ಪೂರ್ವಿಯ ಕಥೆಗೆ ನಾನು ಹೀಗೆ ಇಟ್ಟುಕೊಂಡಿದ್ದೇನೆ. ಹೊಸ್ತಿಲ ಹುಣ್ಣಿಮೆಗೆ ನಾಲ್ಕು ದಿನ ಮುಂಚೆ ಅವಳು ಬಟ್ಟೆ ತರಲು ಮನೆಗೆ ಹೋಗುತ್ತಾಳೆ. ಅಡುಗೆಮನೆಯ ಬಿಳಿ ಬೋರ್ಡಿನಲ್ಲಿ, ಐದು ರೂಮಿನ ಕೆಳಗೆ, ಅಮ್ಮನ ಅಕ್ಷರದಲ್ಲಿ "ಪೂರ್ವಿ" ಅಂತ ಬರೆದಿದೆ. ಎದುರಿಗೆ ಖಾಲಿ. ಅವಳಿಗೆ ಏನು ಇಷ್ಟ ಅಂತ ಅಮ್ಮನಿಗೆ ಗೊತ್ತಿಲ್ಲ. ಪೂರ್ವಿ ಪೆನ್ನು ತೆಗೆದು "ಅಕ್ಕಿ ರೊಟ್ಟಿ, ಕಾಯಿ ಚಟ್ನಿ" ಅಂತ ತಾನೇ ಬರೆದು, ಬ್ಯಾಗು ಎತ್ತಿಕೊಂಡು ಹೊರಡುತ್ತಾಳೆ. ರಫೀಕಣ್ಣ ಜೀಪು ನಿಲ್ಲಿಸಿಕೊಂಡು ಗೇಟಿನ ಹೊರಗೆ ಕಾಯುತ್ತಿದ್ದಾನೆ.

11. ತಿದ್ದುವಾಗ

ಎರಡು ಬಣ್ಣದ ಪೆನ್ಸಿಲ್ ತೆಗೆದುಕೊಂಡು ಬರೆದದ್ದನ್ನು ಮೊದಲಿಂದ ಓದಿ. ಅವಳು ಯಾರಿಗಾದರೂ ಕಾದ ಕಡೆಯೆಲ್ಲ ಒಂದು ಬಣ್ಣ. ಅವಳನ್ನು ಯಾರಾದರೂ ಕಾದ ಕಡೆಯೆಲ್ಲ ಇನ್ನೊಂದು. ಮೊದಲ ಮೂರನೇ ಒಂದು ಭಾಗದಲ್ಲಿ ಎರಡನೇ ಬಣ್ಣ ಕಂಡರೆ ಆ ದೃಶ್ಯವನ್ನು ಹಿಂದಕ್ಕೆ ತಳ್ಳಿ. ಬಣ್ಣ ಒಂದೇ ಅಧ್ಯಾಯದಲ್ಲಿ ತಟ್ಟನೆ ಬದಲಾದರೆ ಏಳನೇ ಹಂತಕ್ಕೆ ವಾಪಸ್ ಹೋಗಿ, ಇನ್ನೊಂದು ಹುಣ್ಣಿಮೆ ಸೇರಿಸಿ. ಆಮೇಲೆ ಒಂದು ಸಲ ಜೋರಾಗಿ ಓದಿಸಿ, ನಿಮ್ಮಿಂದಲ್ಲ, ಹದಿನೈದು ವರ್ಷದ ಒಬ್ಬರಿಂದ. ಅವರು ಸಾಕ್ಸಿನ ಪುಟದಲ್ಲಿ ಓದುವುದನ್ನು ನಿಲ್ಲಿಸಿದರೆ ಏನೂ ಕೇಳಬೇಡಿ. ಅವರೇ ಮುಂದುವರಿಸುವ ತನಕ ಕಾಯಿರಿ.